ಐದು ಗಂಟೆಯ ಬಿಸಿಲು

ಆ ವರ್ಷ ನಮ್ಮ ಸ್ಟುಡಿಯೋದಲ್ಲಿ ದಿನವಿಡೀ ಬೆಳಗಿನ ಹತ್ತು ಗಂಟೆ. ಗಡಿಯಾರ ಕೆಟ್ಟಿತ್ತು ಅಂದುಕೊಳ್ಳಬೇಡಿ. ಗಡಿಯಾರ ತನ್ನ ಪಾಡಿಗೆ ತಾನು ನೆಟ್ಟಗೆ ಓಡುತ್ತಿತ್ತು, ಅದರ ಮಾತು ಕೇಳುವವರು ಇರಲಿಲ್ಲ ಅಷ್ಟೇ. ಹೊರಗೆ ಧಾರವಾಡದಲ್ಲಿ ಬಿಸಿಲು ಏರಿ, ಇಳಿದು, ಸಂಜೆಯಾಗಿ ಚುರುಮುರಿ, ಗಿರ್ಮಿಟ್ ಗಾಡಿಗಳ ಮುಂದೆ ಜನ ಸೇರಿದರೂ ನೆಲದಡಿಯ ನಮ್ಮ ದೊಡ್ಡ ಕೋಣೆಯಲ್ಲಿ ಮಾತ್ರ ಆಗತಾನೇ ಚಹಾ ಕುಡಿದು ಕೆಲಸಕ್ಕೆ ಕುಳಿತ ಹೊತ್ತು.

ನಾನು ವಿಮಲಾ ಬೆಳವಡಿ. ವಾಸ್ತುಶಿಲ್ಪ ವಿಭಾಗದಲ್ಲಿ ಪಾಠ ಹೇಳುತ್ತೇನೆ. ಹೇಳುವುದಕ್ಕಿಂತ ಬೈಯುವುದೇ ಹೆಚ್ಚು ಎಂದು ಹುಡುಗರ ಅಭಿಪ್ರಾಯ. ಇರಲಿ. ನಮ್ಮಲ್ಲಿ ಸ್ಟುಡಿಯೋ ಅಂದರೆ ಫೋಟೋ ತೆಗೆಯುವ ಜಾಗವಲ್ಲ. ಅಗಲವಾದ ಮೇಜುಗಳ ಮೇಲೆ ನಕ್ಷೆ ಬಿಡಿಸುತ್ತ, ರಟ್ಟು ಕತ್ತರಿಸಿ ಕಟ್ಟಡದ ಮಾದರಿ ಅಂಟಿಸುತ್ತ ಹುಡುಗ ಹುಡುಗಿಯರು ತಮ್ಮ ಐದು ವರ್ಷ ಸವೆಸುವ ಜಾಗ ಅದು. ಮನೆಗಿಂತ ಹೆಚ್ಚು ಹೊತ್ತು ಅವರು ಅಲ್ಲಿಯೇ ಇರುತ್ತಾರೆ.

ಮೊದಲು ಸ್ಟುಡಿಯೋ ಮೇಲ್ಮಹಡಿಯಲ್ಲಿತ್ತು. ವಿದ್ಯಾರ್ಥಿಗಳು ಹೆಚ್ಚಾದರು, ಜಾಗ ಸಾಲದಾಯಿತು. ವಿಶ್ವವಿದ್ಯಾಲಯದವರು ನಮ್ಮನ್ನು ನೆಲದಡಿಗೆ, ಹಿಂದೆ ಕಾರು ನಿಲ್ಲಿಸುತ್ತಿದ್ದ ಕೋಣೆಗೆ ಇಳಿಸಿದರು. ಕಿಟಕಿ ಅಂತ ಹೇಳಲಿಕ್ಕೆ ಒಂದೂ ಇಲ್ಲ. "ನಾವೇನು ಹೆಗ್ಗಣಗಳೇ?" ಎಂದು ನಾನು ಸಭೆಯಲ್ಲಿ ಕೂಗಾಡಿದೆ. ಆಗ ನಮ್ಮ ಬಾಯಿ ಮುಚ್ಚಿಸಲು ಬಂದವರು ಡಾಕ್ಟರ್ ಸದಾನಂದ ಕಿಣಿ. ಮಂಗಳೂರು ಕಡೆಯವರು, ಬೆಳಕಿನ ವಿಜ್ಞಾನಿ, ಮುಖದಲ್ಲಿ ಸಿಟ್ಟೆಂಬುದೇ ಇಲ್ಲದ ಮನುಷ್ಯ. ಅವರು ಮಾಡಿದ ಯಂತ್ರದ ಹೆಸರು ಹಗಲುಚಾವಣಿ. ಇಡೀ ಚಾವಣಿಯೇ ಆಕಾಶ. ಯಾವ ಋತುವಿನ ಯಾವ ಹೊತ್ತು ಕೇಳಿದರೂ ಅದೇ ಬೆಳಕು.

"ನೋಡಿ ಮೇಡಂ," ಎಂದು ಕಿಣಿಯವರು ವಿವರಿಸಿದರು, "ಕಣ್ಣಲ್ಲಿ ನೋಡುವ ಕೋಶ ಬೇರೆ, ಹೊತ್ತು ತಿಳಿಯುವ ಕೋಶ ಬೇರೆ ಉಂಟು. ಈ ಎರಡನೇದಕ್ಕೆ ಚಿತ್ರ ಗಿತ್ರ ಎಂತ ಬೇಡ. ಆಕಾಶದ ನೀಲಿ ಬೆಳಕು ಬಿದ್ರೆ ಬೆಳಿಗ್ಗೆ ಆಯ್ತು ಅಂತ ಮಿದುಳನ್ನು ಎಬ್ಬಿಸ್ತದೆ. ಸಂಜೆ ನೀಲಿ ಕಮ್ಮಿಯಾಗಿ ಕೆಂಪು ಬಂದ್ರೆ, ಸಾಕು, ಮಲಗು ಅಂತದೆ. ನಾವು ಅದಕ್ಕೆ ಬೆಳಿಗ್ಗೆ ಮಾತ್ರ ತೋರಿಸುವ. ಮಕ್ಕಳು ದಣಿಯೂದೇ ಇಲ್ಲ."

"ಮತ್ತ ಸಂಜಿ?"

"ಸಂಜೆ ಎಂತಕ್ಕೆ ಮಾರಾಯ್ರೆ?"

ಪ್ರತಿಯೊಬ್ಬರ ಮಣಿಕಟ್ಟಿಗೂ ಒಂದು ಪಟ್ಟಿ ಕಟ್ಟಿದರು. ಅದು ನಾಡಿ ನೋಡುತ್ತದೆ, ಮೈಯ ಬಿಸಿ ನೋಡುತ್ತದೆ. ಯಾರಾದರೂ ತೂಕಡಿಸುವ ಸೂಚನೆ ಸಿಕ್ಕರೆ ಚಾವಣಿ ತಾನಾಗಿಯೇ ಅವರ ತಲೆಯ ಮೇಲೆ ಒಂದು ಚಿಟಿಕೆ ನೀಲಿ ಹೆಚ್ಚು ಸುರಿಯುತ್ತದೆ. ಯಾರೂ ಗುಂಡಿ ಒತ್ತಬೇಕಿಲ್ಲ.

ಇದ್ದದ್ದನ್ನು ಇದ್ದ ಹಾಗೆ ಹೇಳಬೇಕಲ್ಲ, ಯಂತ್ರ ಕೆಲಸ ಮಾಡಿತು. ಊಟವಾದ ಮೇಲೆ ಮೇಜಿನ ಮೇಲೆ ಬೋರಲಾಗುತ್ತಿದ್ದ ಹುಡುಗರು ಮಿಂಚುವ ಕಣ್ಣುಗಳಿಂದ ಗೆರೆ ಎಳೆದರು. ಜಗಳ ಕಡಿಮೆಯಾಯಿತು. ನನ್ನ ಮಧ್ಯಾಹ್ನದ ಅರೆತಲೆನೋವು ಹೇಳಹೆಸರಿಲ್ಲದಂತೆ ಹೋಯಿತು. ಕುಲಪತಿಗಳು ವಾರಕ್ಕೊಮ್ಮೆ ಅತಿಥಿಗಳನ್ನು ಕರೆತಂದು, ಮದುವೆಮನೆಯ ಯಜಮಾನರ ಹಾಗೆ ಕೈಬೀಸಿ ಚಾವಣಿ ತೋರಿಸುತ್ತಿದ್ದರು.

ಒಂದೇ ಒಂದು ಐಬು. ಯಾರ ಕೆಲಸವೂ ಮುಗಿಯುತ್ತಿರಲಿಲ್ಲ.

ಇದು ತಿಳಿಯಬೇಕಾದರೆ ಮೇಲ್ಮಹಡಿಯ ಒಂದು ರೂಢಿ ಹೇಳಬೇಕು. ಅಲ್ಲಿ ಪಡುವಣಕ್ಕೆ ಸಾಲು ಕಿಟಕಿಗಳಿದ್ದವು. ಸಂಜೆ ಐದರ ಸುಮಾರಿಗೆ ಬಿಸಿಲು ಓರೆಯಾಗಿ ಒಳಗೆ ಬಂದು ಮೇಜುಗಳನ್ನು ಸವರುತ್ತಿತ್ತು. ಆ ಬಿಸಿಲಿಗೆ ದಾಕ್ಷಿಣ್ಯವೇ ಇಲ್ಲ. ಸೊಟ್ಟ ಗೋಡೆ, ಉಕ್ಕಿದ ಅಂಟು, ಒರೆಸಿದರೂ ಉಳಿದ ಗೆರೆ, ಎಲ್ಲವನ್ನೂ ಎತ್ತಿ ತೋರಿಸುತ್ತಿತ್ತು. ಹುಡುಗರು ಅದನ್ನು ಶಪಿಸುತ್ತಿದ್ದರು. ಆದರೂ ಮಾದರಿಯನ್ನು ಕಿಟಕಿಕಟ್ಟೆಯ ಮೇಲಿಟ್ಟು ಐದು ಗಂಟೆಯ ಬಿಸಿಲಿಗೆ ಹಿಡಿಯದೆ ಯಾರೂ ಅದನ್ನು ಮುಗಿಯಿತು ಅನ್ನುತ್ತಿರಲಿಲ್ಲ. ಕೆಲವರು ನೋಡಿ ಅಳುತ್ತಿದ್ದರು, ಕಟ್ಟರ್ ತೆಗೆದುಕೊಂಡು ಕೊಯ್ಯುತ್ತಿದ್ದರು. ಕೆಲವರು, "ಹೋಗ್ಲಿ ಬಿಡೋ, ಇಷ್ಟ ನಮ್ಮ ಹಣೇಬರಾ," ಎಂದು ಗಿರ್ಮಿಟ್ ತಿನ್ನಲು ಹೋಗುತ್ತಿದ್ದರು. ಅಂತೂ ಕೆಲಸ ಅಲ್ಲಿಗೆ ಮುಗಿಯುತ್ತಿತ್ತು.

ಕೆಳಗಿನ ಸ್ಟುಡಿಯೋದಲ್ಲಿ ಬೆಳಕು ಎಲ್ಲ ಕಡೆಯಿಂದ ಬರುತ್ತಿತ್ತು. ನೆರಳು ಅಂದರೆ ಹೆಸರಿಗೆ ಮಾತ್ರ. ಯಾರ ಮಾದರಿ ನೋಡಿದರೂ ಚಂದ. ಚಂದವಾಗಿರುವುದನ್ನು ಇನ್ನೂ ಚಂದ ಮಾಡಬಹುದಲ್ಲ? ಬೆಳಗಿನ ಹತ್ತು ಗಂಟೆ ಬೇರೆ, ಇಡೀ ದಿನ ಮುಂದೆ ಬಿದ್ದಿದೆ. ಮಾಡಿದರು, ಮಾಡಿದರು, ಮಾಡುತ್ತಲೇ ಇದ್ದರು.

ಅವರಲ್ಲೊಬ್ಬಳು ನೀಲಾಂಬಿಕಾ, ನಮ್ಮ ನೀಲು. ನನ್ನ ಅಣ್ಣನ ಮಗಳು. ನನ್ನ ಮತ್ತು ಅವ್ವನ ಜೊತೆ ನಮ್ಮ ಮನೆಯಲ್ಲೇ ಇದ್ದು ಓದುತ್ತಿದ್ದಳು. ಕಾಲೇಜಿನಲ್ಲಿ ನಾನು ಮೇಡಂ, ಮನೆಯಲ್ಲಿ ಅತ್ತಿ; ಅಜ್ಜಿಯಾದ ಅವ್ವ ಅವಳಿಗೆ ಆಯಿ. ಕೊನೆಯ ವರ್ಷ. ಕಸೂತಿ ಹಾಕುವ ಹೆಂಗಸರಿಗೊಂದು ಕೆಲಸದ ಮನೆ ಅವಳ ಯೋಜನೆ. ಎಳೆ ಎಣಿಸಿ ಎಣಿಸಿ ಹಾಕುವ ಕಸುಬು ಅದು, ಅದೂ ಕಪ್ಪು ಸೀರೆಯ ಮೇಲೆ. ಊರಾಚೆ ಕೆರೆಯ ದಂಡೆಯಲ್ಲಿ ಒಂದು ಜಾಗ ಹುಡುಕಿ, ಹಗಲುಚಾವಣಿ ಬರುವುದಕ್ಕೆ ಮುಂಚೆ ಹೋಗಿ ನೋಡಿಯೂ ಬಂದಿದ್ದಳು. ಹೋದ ವರ್ಷ ಕಾಮಾಲೆಯಾಗಿ ಅವಳಿಗೆ ಪರೀಕ್ಷೆ ತಪ್ಪಿತ್ತು. ಈ ಸಲವೂ ಪರೀಕ್ಷಕರ ಮುಂದೆ ಮುಗಿದ ಕೆಲಸ ಇಡದಿದ್ದರೆ ನಿಯಮದ ಪ್ರಕಾರ ಹೆಸರು ತೆಗೆದುಹಾಕುತ್ತಾರೆ. ಪದವಿಯೇ ಇಲ್ಲ.

ಈ ನೀಲು ಮೊದಲ ವರ್ಷಗಳಲ್ಲಿ ಸಂಜೆ ಮನೆಗೆ ಬಂದವಳೇ ಚೀಲ ಎಸೆದು ದಿವಾನದ ಮೇಲೆ ಬಿದ್ದುಕೊಂಡು ನಿದ್ದೆ ಹೋಗುತ್ತಿದ್ದಳು. ಅವ್ವನಿಗೆ ಅದು ಆಗದು. ದೀಪ ಹಚ್ಚುವ ಹೊತ್ತಿಗೆ ಮಲಗಿದವರನ್ನು ಕಂಡರೆ ಮೈಮೇಲೆ ದೇವರು ಬಂದಂತೆ ಆಡುತ್ತಾಳೆ. "ಏಳ ಹುಡುಗಿ! ಲಕ್ಷ್ಮಿ ಬರೋ ಹೊತ್ತು! ಮಲಕೊಂಡವರ ಮನ್ಯಾಗ ಆಕಿ ನಿಲ್ಲಂಗಿಲ್ಲ!" ಎಂದು ಬೆನ್ನಿಗೊಂದು ಗುದ್ದು. ದಿನವೂ ಇದೇ ರಂಪ.

ಹಗಲುಚಾವಣಿ ಬಂದ ಮೇಲೆ ಆ ರಂಪ ನಿಂತಿತು. ನೀಲು ಸಂಜೆ ಬಂದರೆ ಕಣ್ಣು ಅರಳಿಸಿಕೊಂಡೇ ಬರುವಳು. ಅವ್ವ ದೇವರ ಮುಂದೆ ದೀಪ ಹಚ್ಚಿ ಬಂದರೆ ಇವಳದು ಶುರು.

"ಆಯಿ, ದೊಡ್ಡ ಲೈಟ್ ಹಾಕು. ಏನೂ ಕಾಣವಲ್ದು. ಎಲ್ಲಾ ಮಬ್ಬ ಮಬ್ಬ."

"ಯಾಕವ್ವಾ, ಸಂಜಿ ಐತಿ. ಸಂಜಿ ಹಂಗ ಇರತೈತಿ."

"ಊಟಕ್ಕ ಏಳು," ಎಂದರೆ, "ಬ್ಯಾಡ ಅತ್ತಿ. ಈಗರೆ ನಾಷ್ಟಾ ಮಾಡಿದಂಗ ಐತಿ," ಅನ್ನುವಳು. ರೊಟ್ಟಿ ತಟ್ಟೆಯಲ್ಲೇ ಒಣಗುತ್ತಿತ್ತು. ಕೆನ್ನೆಯ ಎಲುಬು ಕಾಣತೊಡಗಿತು. ಹಾಸಿಗೆಯಲ್ಲಿ ಕಣ್ಣು ಬಿಟ್ಟುಕೊಂಡೇ ಬಿದ್ದಿರುತ್ತಾಳೆ ಎಂದು ಪಕ್ಕದಲ್ಲಿ ಮಲಗುವ ಅವ್ವ ಹೇಳಿದಳು. "ನೀವು ಮಾಸ್ತರು ಮಂದಿ ಆ ಕೂಸಿನ ನಿದ್ದಿ ಎಲ್ಲಿ ಕಟ್ಟಿ ಇಟ್ಟೀರಿ?" ಎಂದು ಅವ್ವ ನನ್ನನ್ನೇ ಕೇಳಿದಳು.

ಮರುದಿನ ನಾನು ನೆಟ್ಟಗೆ ಕಿಣಿಯವರ ನಿಯಂತ್ರಣ ಕೋಣೆಗೆ ಹೋದೆ. ಅದು ಎಲ್ಲಿತ್ತು ಗೊತ್ತೇ? ನಮ್ಮ ಹಳೆಯ ಸ್ಟುಡಿಯೋದಲ್ಲಿಯೇ. ಬಿಸಿಲು ಬಿದ್ದರೆ ಪರದೆ ಕಾಣುವುದಿಲ್ಲವೆಂದು ಪಡುವಣದ ಕಿಟಕಿಗಳಿಗೆಲ್ಲ ಕಪ್ಪು ಹಾಳೆ ಅಂಟಿಸಿಬಿಟ್ಟಿದ್ದರು. ಬೆಳಕಿನ ವಿಜ್ಞಾನಿ ಕತ್ತಲಲ್ಲಿ ಕುಳಿತು ಕೆಳಗಿನವರಿಗೆ ಹಗಲು ಕಳಿಸುತ್ತಿದ್ದರು. ಅವರ ಮುಂದಿನ ಪರದೆಯಲ್ಲಿ ಇಡೀ ಸ್ಟುಡಿಯೋದ ಎಚ್ಚರವನ್ನು ತೋರಿಸುವ ಗೆರೆಯೊಂದು ಬೆಳಗಿನಿಂದ ಸಂಜೆಯವರೆಗೆ ನಿಂತ ನೀರಿನಷ್ಟು ಸಮವಾಗಿ ಹರಿದಿತ್ತು.

"ಎಷ್ಟು ಚಂದ ಉಂಟಲ್ವಾ?" ಅಂದರು.

"ಚಂದ ಐತಿ. ಹುಡುಗರು ಸಾಯಾಕತ್ತಾರ. ನನಗ ಸಂಜಿ ಬೇಕು."

ಪಾಪ, ಮನುಷ್ಯ ವಾದ ಮಾಡಲಿಲ್ಲ. ಅಂದೇ ನಾಲ್ಕೂವರೆಗೆ ಚಾವಣಿಗೆ ಸಂಜೆ ಕೊಟ್ಟರು. ನಾನು ಕೆಳಗೆ ನಿಂತು ನೋಡಿದೆ. ನೀಲಿ ಇಳಿಯಿತು, ಒಂದು ಬದಿಯಿಂದ ಜೇನಿನ ಬಣ್ಣ ಹರಿಯಿತು. ಹುಡುಗರ ಕೈ ನಿಧಾನವಾಯಿತು. ಒಬ್ಬ ಆಕಳಿಸಿದ. ನೀಲು ತನ್ನ ಮಾದರಿಯನ್ನು ದಿಟ್ಟಿಸಿ ಹುಬ್ಬು ಗಂಟಿಕ್ಕಿದಳು. ಇನ್ನೇನು, ಕೆಲಸ ಆಯಿತು ಅಂದುಕೊಂಡೆ. ಅಷ್ಟರಲ್ಲಿ ಚಾವಣಿ ಪಳಪಳ ಎಂದು ಮತ್ತೆ ಬೆಳಗಿನ ಹತ್ತು ಗಂಟೆಯಾಯಿತು! ಹುಡುಗರೆಲ್ಲ ಚಪ್ಪಾಳೆ ತಟ್ಟಿದರು. ಎಲ್ಲರಿಗಿಂತ ಜೋರಾಗಿ ತಟ್ಟಿದವಳು ನೀಲು.

ಓಡಿಹೋಗಿ ಕೇಳಿದರೆ ಕಿಣಿಯವರು ತಲೆ ಕೆರೆದುಕೊಂಡರು. "ನಾನು ಮಾಡಿದ್ದಲ್ಲ ಮೇಡಂ. ಸಂಜೆ ಬಂದ ಕೂಡ್ಲೇ ಮಕ್ಕಳ ನಾಡಿ ಇಳೀತು. ಯಾರನ್ನೂ ದಣಿಯಲಿಕ್ಕೆ ಬಿಡಬೇಡ ಅಂತ ನಾನೇ ಅಲ್ವಾ ಚಾವಣಿಗೆ ಕಲಿಸಿದ್ದು? ಅದು ತನ್ನ ಕೆಲಸ ಮಾಡಿತು. ಆ ಪಾಠ ಅದರಿಂದ ತೆಗೀಬೇಕಾದ್ರೆ ತಿಂಗಳು ಬೇಕು."

ಪರೀಕ್ಷೆಗೆ ಅಷ್ಟು ದಿನ ಇರಲಿಲ್ಲ.

ಪರೀಕ್ಷೆಯ ಹಿಂದಿನ ದಿನ ನಾಲ್ಕೂವರೆ ದಾಟಿದ ಮೇಲೆ ಸ್ಟುಡಿಯೋಕ್ಕೆ ಹೋದೆ. ನೀಲು ತನ್ನ ಮಾದರಿಯ ಮೆಟ್ಟಿಲನ್ನು ಕಿತ್ತು ಮತ್ತೆ ಅಂಟಿಸುತ್ತಿದ್ದಳು. ಸುರುಳಿ ಸುತ್ತಿದ ಮೆಟ್ಟಿಲು, ಮೂರು ತಿಂಗಳಿಂದ ಅದರ ಮೇಲೆಯೇ ಬಿದ್ದಿದ್ದಳು. ನಿಜಕ್ಕೂ ಚಂದವಿತ್ತು.

"ಮುಗೀತೇನ?"

ಅವಳು ತಲೆ ಎತ್ತಿದಳು. ಕಣ್ಣು ಹೊಳೆಯುತ್ತಿದ್ದವು. ಕಾಲೇಜೆಂಬುದನ್ನೂ ಮರೆತು, "ಅತ್ತಿ, ನನಗ ಮುಗಸಾಕ ಬರವಲ್ದು," ಅಂದಳು. "ದಿನಾ ಇವತ್ತ ಮುಗಸೋಣ ಅಂತೀನಿ. ಕುಂತರ ಈಗರೆ ಚಾಲೂ ಮಾಡಿದಂಗ ಅನಸ್ತೈತಿ. ನಿದ್ದಿ ಇಲ್ಲ, ದಣಿವೂ ಇಲ್ಲ. ನಾ ಏನ ಆಗೇನಿ ಅತ್ತಿ?" ದೊಡ್ಡ ಹುಡುಗಿ, ಸಣ್ಣ ಕೂಸಿನ ಹಾಗೆ ಅತ್ತಳು. ಅಳುತ್ತಿದ್ದಂತೆ ಅವಳ ತಲೆಯ ಮೇಲಿನ ಚಾವಣಿ ಇನ್ನಷ್ಟು ಬೆಳಗಾಯಿತು. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

"ಏಳು. ಆ ಕೈಪಟ್ಟಿ ಬಿಚ್ಚು. ಹಾಳಿ ಎಲ್ಲಾ ಸುತ್ತಿ ತಗೋ. ಬಿಸಲಿಗೆ ಹಿಡಿಯೂಣು."

ಮಾದರಿಯನ್ನು ನಾನೇ ಹೊತ್ತೆ. ಮೂರು ಮಹಡಿ ಹತ್ತುವಷ್ಟರಲ್ಲಿ ನನ್ನ ಮೊಣಕಾಲು ಕೂಗಿಕೊಂಡವು. ಕಿಣಿಯವರು ಎದ್ದು ನಿಲ್ಲುವ ಮೊದಲೇ ಕಪ್ಪು ಹಾಳೆಯ ತುದಿ ಹಿಡಿದು ಜಗ್ಗಿದೆ.

"ಅಯ್ಯೋ ಮೇಡಂ, ನನಗೆ ಪರದೆ ಕಾಣೂದಿಲ್ಲ!"

"ಕಾಣಬ್ಯಾಡ್ರಿ. ಒಂದ ದಿನ ಬ್ಯಾರೆ ಏನರೆ ನೋಡ್ರಿ."

ಐದು ಗಂಟೆಯ ಬಿಸಿಲು, ಇಷ್ಟು ದಿನ ಹೊರಗೆ ಕಾದು ಬೇಸತ್ತವರ ಹಾಗೆ, ದಡಕ್ಕನೆ ಒಳಗೆ ಬಂತು. ಕಟ್ಟೆಯ ಮೇಲೆ ಮಾದರಿ ಇಟ್ಟೆವು. ನೀಲು ಕಣ್ಣಿಗೆ ಕೈ ಅಡ್ಡ ಹಿಡಿದಳು. ಮಾದರಿಯ ಅರ್ಧ ಉರಿಯುತ್ತಿತ್ತು, ಅರ್ಧ ಕಪ್ಪಗಿತ್ತು. ಅಂಥದ್ದನ್ನು ನಾವು ತಿಂಗಳುಗಳಿಂದ ನೋಡಿಯೇ ಇರಲಿಲ್ಲ.

ಕಿಣಿಯವರು ಕುತೂಹಲದಿಂದ ಬಗ್ಗಿ ನೋಡಿದರು. ಅವರಿಗೆ ಕಟ್ಟಡದ ಗಂಧಗಾಳಿ ಇಲ್ಲ, ಬೆಳಕು ಮಾತ್ರ ಗೊತ್ತು. "ಇದರಲ್ಲಿ ಉತ್ತರ ದಿಕ್ಕು ಯಾವುದಮ್ಮ?" ಎಂದು ಕೇಳಿದರು. "ನಿಜವಾದ ಕಟ್ಟಡಕ್ಕೂ ಬಿಸಿಲು ಹೀಗೇ ಬೀಳ್ತದಾ ಅಂತ ನೋಡುವ."

ನೀಲು ಹಾಳೆಗಳನ್ನು ಬಿಚ್ಚಿದಳು. ಒಂದು ಹಾಳೆ, ಇನ್ನೊಂದು, ಮತ್ತೊಂದು. ಆಮೇಲೆ ನಾನೂ ಹುಡುಕತೊಡಗಿದೆ. ಯಾವುದರಲ್ಲೂ ಉತ್ತರದ ಬಾಣವಿರಲಿಲ್ಲ.

ಓದುವವರಿಗೆ ಇದೇನು ಮಹಾ ಅನ್ನಿಸಬಹುದು. ನಮ್ಮ ಕಸುಬಿನಲ್ಲಿ ಮೊದಲ ವರ್ಷದ ಮೊದಲ ವಾರ ಕಲಿಸುವುದೇ ಅದನ್ನು. ನಕ್ಷೆಯ ಮೂಲೆಯಲ್ಲಿ ಒಂದು ಬಾಣ, ಉತ್ತರ ಇತ್ತ ಕಡೆ ಎಂದು. ಅದಿಲ್ಲದ ಹಾಳೆಯನ್ನು ನಾನು ಹುಡುಗರ ಮುಖಕ್ಕೇ ತಿರುಗಿಸಿ ಕೊಟ್ಟಿದ್ದೇನೆ. ನೀಲುವಿನ ಹಳೆಯ ಹಾಳೆಗಳಲ್ಲಿ ಅದಿತ್ತು, ತಿದ್ದುತ್ತ ತಿದ್ದುತ್ತ ಎಲ್ಲೋ ಉದುರಿಹೋಗಿತ್ತು. ಕೆಳಗೆ ಫೋನ್ ಮಾಡಿ ಉಳಿದವರನ್ನು ಕೇಳಿದೆವು. ಒಬ್ಬರದರಲ್ಲೂ ಇರಲಿಲ್ಲ. ಮೇಷ್ಟ್ರುಗಳು, ಸ್ವತಃ ನಾನು, ದಿನವೂ ಆ ಹಾಳೆಗಳನ್ನು ನೋಡಿ ತಲೆಯಾಡಿಸಿದ್ದೆವು. ಸೂರ್ಯ ಅಲುಗಾಡದ ಊರಿನಲ್ಲಿ ಉತ್ತರ ಯಾರಿಗೆ ಬೇಕು?

ನೀಲು ಮೆಲ್ಲಗೆ ಅಂದಳು, "ಕೆರಿ ಪಡುವಣಕ್ಕ ಐತಿ. ನಾ ಹೋದಾಗ ಹೊತ್ತ ಮುಣಗೂದು ಅದರಾಗ ನೋಡೇನಿ."

ಮಾದರಿಯನ್ನು ತಿರುಗಿಸಿದಳು. ಕೆರೆಯ ಬದಿ ಕಿಟಕಿಗೆ ಬಂತು. ಕೆರೆ ಕಾಣಲೆಂದು ಅವಳು ಕಸೂತಿಯ ಕೋಣೆಗೆ ಆ ಬದಿಯಲ್ಲಿ ಆಳೆತ್ತರದ ಗಾಜು ಇಟ್ಟಿದ್ದಳು. ಬಿಸಿಲು ಆ ಗಾಜಿನಿಂದ ನುಗ್ಗಿ, ಹೆಂಗಸರು ಕೂರುವ ಜಾಗಕ್ಕೆ, ನೇರ ಅವರ ಮುಖಕ್ಕೇ ಹೊಡೆಯಿತು. ಅಲ್ಲಿ ಕುಳಿತು ಕಪ್ಪು ಸೀರೆಯ ಎಳೆ ಎಣಿಸುವವರ ಕಣ್ಣು ಸಂಜೆಯ ಹೊತ್ತಿಗೆ ನೆಟ್ಟಗಿರುತ್ತಿರಲಿಲ್ಲ. ತಂಪಾದ, ಸಮನಾದ ಬೆಳಕು ಬರುವ ಬಡಗಣ ಬದಿಯಲ್ಲಿ ಏನಿತ್ತು? ಮೆಟ್ಟಿಲು. ಅದರ ಹಿಂದೆ ಕಿಟಕಿಯಿಲ್ಲದ ಗೋಡೆ.

"ಅಯ್ಯ ಶಿವನ," ಅಂದಳು ನೀಲು. "ನಾ ಇವರ ಕಣ್ಣ ಕಳೀತಿದ್ನಲ್ಲ ಅತ್ತಿ."

ವರ್ಷ ಹೋಯಿತು, ಹುಡುಗಿ ಹೋದಳು ಅಂದುಕೊಂಡೆ. ಅವಳು ಮಾತ್ರ ಅಳಲಿಲ್ಲ. ಕಟ್ಟರ್ ಕೇಳಿದಳು. ಮೂರು ತಿಂಗಳ ಮೆಟ್ಟಿಲನ್ನು ಬುಡಕ್ಕೆ ಕೊಯ್ದು ತೆಗೆದಳು. ಬಡಗಣ ಗೋಡೆಗೆ ಉದ್ದನೆಯ ಕಿಟಕಿ ಕೊಯ್ದಳು. ಮೆಟ್ಟಿಲನ್ನು ತಂದು ಕೆರೆಯ ಬದಿಗೆ ನಿಲ್ಲಿಸಿ, ಜೊತೆಗೊಂದು ಪಡಸಾಲೆ ಅಂಟಿಸಿದಳು. ಬಿಸಿಲು ಈಗ ಪಡಸಾಲೆಯಲ್ಲಿ ಕುಳಿತಿತು, ಕೋಣೆ ತಂಪಾಗಿ ಬೆಳಗಿತು. ಹೊಸ ಹಾಳೆ ಬಿಡಿಸಲು ಹೊತ್ತಿರಲಿಲ್ಲ. ಹಳೆಯದರ ಮೇಲೆಯೇ ಪೆನ್ಸಿಲಿನಿಂದ ತಿದ್ದಿದಳು. ನಡುನಡುವೆ ಕಿಟಕಿಯಾಚೆ ನೋಡುವಳು, "ಇನ್ನೊಂದ ಗೇಣ ಐತಿ," ಅನ್ನುವಳು, ಮತ್ತೆ ಬಗ್ಗುವಳು. ಎಷ್ಟೋ ತಿಂಗಳ ಮೇಲೆ ಅವಳ ಕೆಲಸಕ್ಕೆ ಹೊತ್ತು ಎಂಬುದೊಂದಿತ್ತು, ಅದು ಕಣ್ಣೆದುರೇ ಇಳಿಯುತ್ತಿತ್ತು.

ಅಷ್ಟರಲ್ಲಿ ಫೋನಿನ ಸುದ್ದಿ ಹಬ್ಬಿ ಕೆಳಗಿನ ಹುಡುಗರು ಒಬ್ಬೊಬ್ಬರಾಗಿ ಮಾದರಿ ಹೊತ್ತು ಮೇಲೆ ಬಂದರು. ಉಳಿದ ಕಪ್ಪು ಹಾಳೆಗಳನ್ನೂ ಹರಿದರು. ಕಿಟಕಿಕಟ್ಟೆ ತುಂಬಿತು. "ಏ, ನಂದ ಊಟದ ಮನಿ ಪೂರ್ತಿ ಕತ್ತಲ ಆಗೇತಲೇ!" ಎಂದು ಒಬ್ಬ ಬೊಬ್ಬೆಯಿಟ್ಟ. ಅಂಟು, ಕಟ್ಟರ್, ಬೈಗುಳ, ನಗು. ಸಂಜೆಯನ್ನು ಕಂಡು ಅವರ ನಾಡಿ ಇಳಿಯಿತು, ಕೈಪಟ್ಟಿಗಳು ಅದನ್ನು ಯಂತ್ರಕ್ಕೆ ಮುಟ್ಟಿಸಿದವು. ಕಿಣಿಯವರ ಯಂತ್ರ ಟಿಣ್ ಟಿಣ್ ಎಂದು ಬಡಿದುಕೊಂಡಿತು. ವರ್ಷವಿಡೀ ಸಮವಾಗಿದ್ದ ಗೆರೆ ಪರದೆಯ ಮೇಲೆ ಕೆಳಗಿಳಿಯುತ್ತಿತ್ತು. ಕಿಣಿಯವರು ಅದನ್ನು ಕೊಂಚ ಹೊತ್ತು ನೋಡಿದರು. ಆಮೇಲೆ ಗಂಟೆಯ ಗುಂಡಿ ಅದುಮಿ ನಿಲ್ಲಿಸಿ, ನನ್ನ ಪಕ್ಕ ಬಂದು ನಿಂತರು.

"ಸಂಜೆ ಎಂತಕ್ಕೆ ಅಂತ ಕೇಳಿದ್ದೆ ಅಲ್ವಾ ಮೇಡಂ," ಅಂದರು.

ಬಿಸಿಲು ಕಟ್ಟೆಯಿಂದ ಜಾರಿತು. ನೀಲು ಕೊನೆಯ ಹಾಳೆಯ ಮೂಲೆಯಲ್ಲಿ, ಮೊದಲ ವರ್ಷದವರ ಹಾಗೆ ದಪ್ಪಗೆ, ಒಂದು ಬಾಣ ಬರೆದಳು. ಪೆನ್ಸಿಲು ಕೆಳಗಿಟ್ಟಳು. "ಸಾಕು," ಅಂದಳು. ಆಮೇಲೆ ಬಾಯಿ ಅಗಲಿಸಿ ಆಕಳಿಸಿದಳು. ಅಂಥ ಚಂದದ ಆಕಳಿಕೆಯನ್ನು ನಾನು ನನ್ನ ಸರ್ವೀಸಿನಲ್ಲೇ ನೋಡಿಲ್ಲ.

ಮರುದಿನ ಪರೀಕ್ಷಕರು ಅವಳ ಹಾಳೆ ನೋಡಿ ಮೂಗು ಮುರಿದರು. "ಏನಮ್ಮಾ ಇದು, ಮೇಲೆಲ್ಲಾ ಗೀಚಾಡಿದ್ದೀಯಾ?"

"ತಿದ್ದೇನ್ರಿ ಸರ್. ಇನ್ನ ತಿದ್ದಂಗಿಲ್ರಿ. ಮುಗದೈತಿ."

ಅವರು ಕನ್ನಡಕದ ಮೇಲಿಂದ ನೋಡಿದರು. ಬಡಗಣ ಕಿಟಕಿಯ ಬಗ್ಗೆ ಒಂದೆರಡು ಪ್ರಶ್ನೆ ಕೇಳಿದರು, ಉತ್ತರ ಕೇಳಿ ಅಂಕ ಬರೆದುಕೊಂಡರು. ಮೊದಲ ದರ್ಜೆಯೇನೂ ಬರಲಿಲ್ಲ. ಪಾಸಾದಳು.

ಹಗಲುಚಾವಣಿಯನ್ನು ಯಾರೂ ಕಿತ್ತುಹಾಕಲಿಲ್ಲ. ನನ್ನ ತಲೆನೋವಿನ ಮೇಲಾಣೆ, ಕಿತ್ತರೆ ನಾನೇ ಅಡ್ಡ ಬೀಳುತ್ತಿದ್ದೆ. ಆದರೆ ಈಗ ಸಂಜೆ ನಾಲ್ಕಾದರೆ ಕೈಪಟ್ಟಿಗಳನ್ನು ಬಾಗಿಲಲ್ಲಿ ಬಿಚ್ಚಿಡಬೇಕು, ಮಾದರಿ ಹೊತ್ತು ಮೇಲೆ ಹೋಗಬೇಕು. ಕಿಣಿಯವರು ತಮ್ಮ ಪರದೆಗಳನ್ನು ಬಡಗಣ ಗೋಡೆಯ ಮೂಲೆಗೆ, ಬಿಸಿಲು ತಾಗದ ಕಡೆಗೆ ಸರಿಸಿಕೊಂಡಿದ್ದಾರೆ.

ಪರೀಕ್ಷೆಯ ದಿನ ನಾನು ಮನೆಗೆ ಬಂದಾಗ ಹೊತ್ತು ಮುಳುಗುತ್ತಿತ್ತು. ನೀಲು ದಿವಾನದ ಮೇಲೆ ಬಿದ್ದುಕೊಂಡಿದ್ದಳು. ಚೀಲ ನೆಲದ ಮೇಲೆ, ಒಂದು ಕಾಲು ಕೆಳಗೆ, ಬಾಯಿ ಅರ್ಧ ತೆರೆದು ಗಾಢ ನಿದ್ದೆ. ನಾನು ಬಾಗಿಲಲ್ಲೇ ನಿಂತೆ. ಒಳಗಿನಿಂದ ಅವ್ವ ದೀಪ ಹಿಡಿದು ಬಂದಳು. ಇನ್ನೇನು, ಗುದ್ದು ಬಿತ್ತು ಅಂದುಕೊಂಡೆ.

ಅವ್ವ ದಿವಾನದ ಹತ್ತಿರ ಬಂದಳು, ನೋಡಿದಳು. ದೀಪದ ಬೆಳಕು ಮಲಗಿದವಳ ಕಣ್ಣಿಗೆ ಬೀಳದಂತೆ ಸೆರಗು ಅಡ್ಡ ಹಿಡಿದು ಹಿಂದೆ ಸರಿದಳು.

"ಅವ್ವಾ, ಲಕ್ಷ್ಮಿ ಬರೋ ಹೊತ್ತು," ಎಂದು ನಾನು ಪಿಸುಗುಟ್ಟಿದೆ.

"ಬರ್ಲಿ ತಗೊ," ಅಂದಳು ಅವ್ವ. "ಕೂಸು ಮಲಗೇತಿ, ಸಪ್ಪಳ ಮಾಡಬ್ಯಾಡವ್ವಾ ಅಂತ ನಾನ ಹೇಳ್ತೀನಿ ಆಕಿಗೆ."

ಆ ಸಂಜೆ ನಾವು ಲೈಟು ಹಾಕಲಿಲ್ಲ. ಇದ್ದ ಮಬ್ಬಿನಲ್ಲೇ ಅವ್ವ ರೊಟ್ಟಿ ಬಡಿಸಿದಳು, ಇಬ್ಬರೂ ಮಾತಾಡದೆ ಊಟ ಮಾಡಿದೆವು.